ಕೆಂಪು ದಾರದ ಕುಂಬಳ

ಗೋಡೆಯ ಆಚೆ ಗೇಟು ಕಿರ್ರೆಂದಾಗಲೆಲ್ಲ ದೊಡ್ಡವಳ ಹೊಟ್ಟೆಯೊಳಗೆ ಒಂದು ಸೌದೆ ಹೊತ್ತಿಕೊಳ್ಳುತ್ತಿತ್ತು. ತಂಗಿಯ ಮನೆಗೆ ಇನ್ನೊಬ್ಬ ಗಿರಾಕಿ ಬಂದನೆಂದು ಅರ್ಥ. ಇವಳ ಗೇಟಿಗೂ ಬಾಯಿತ್ತು. ಆದರೆ ಅದು ಕಿರ್ರೆನ್ನುತ್ತಿದ್ದುದು ಗಂಡ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ವ್ಯಾಪಾರ ಇಬ್ಬರದೂ ಒಂದೇ. ಅಂಗಡಿ ಗೊಬ್ಬರ, ಔಷಧಿ ಯಾವುದನ್ನೂ ಸೋಕಿಸದೆ ಹಿತ್ತಲಲ್ಲಿ ಬೆಳೆದ ಪುದೀನ, ಕೊತ್ತಂಬರಿ, ಸಬ್ಬಸಿಗೆ. ಜೊತೆಗೆ ಕಾಗದದ ಪೊಟ್ಟಣದಲ್ಲಿ ನಾಟಿ ಬೀಜ. ತಂಗಿ ಗೇಟಿಗೆ ಅಂಗೈಯಗಲದ ಹಲಗೆ ತೂಗುಹಾಕಿದ ಮರುದಿನವೇ ಅಕ್ಕ ಬಾಗಿಲಗಲದ ಹಲಗೆ ಬರೆಸಿದಳು. ಜನ ನಿಂತು ಅದನ್ನು ಪೂರ್ತಿ ಓದಿ, ತಲೆದೂಗಿ, ತಂಗಿಯ ಮನೆಗೆ ಹೋಗುತ್ತಿದ್ದರು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಬೆಳಗ್ಗೆ ಕಟ್ಟಿಕೊಂಡ ಗಂಡನೇ ಕಂಕುಳಲ್ಲಿ ಒಂದು ಕಟ್ಟು ಸಬ್ಬಸಿಗೆ ಬಚ್ಚಿಟ್ಟುಕೊಂಡು ಒಳಗೆ ಬಂದ.

“ಎಲ್ಲಿಂದ ತಂದ್ರಿ?”

“ಅದೂ... ನಿನ್ನ ತಂಗಿ ಹತ್ರ.”

“ಯಾಕೆ, ನಮ್ಮ ಹಿತ್ತಲಲ್ಲಿ ಇಲ್ವಾ?”

“ಇದೆ ಕಣೇ. ಆದ್ರೆ ಇದಕ್ಕೆ ಘಮ ಇದೆ.”

ಆ ಮಧ್ಯಾಹ್ನ ಅವನ ತಟ್ಟೆಗೆ ಘಮವನ್ನಷ್ಟೇ ಬಡಿಸಲಾಯಿತು.

ನಿಜ ಹೇಳಬೇಕೆಂದರೆ ಜನರನ್ನು ಎಳೆಯುತ್ತಿದ್ದುದು ಸಬ್ಬಸಿಗೆಯಲ್ಲ, ಕುಂಬಳ. ಅವರಮ್ಮ ಜೀವಮಾನವೆಲ್ಲ ಕಾಪಾಡಿದ ತಳಿ, ಬೆಂದರೆ ಬೆಣ್ಣೆ. ಆ ಬೀಜ ಈಗ ಇದ್ದುದು ತಂಗಿಯ ಬಳಿ ಮಾತ್ರ. “ಅವಳಿಗೆ ಬೀಜ, ನನಗೆ ತೂತು ಹಂಡೆ” ಎಂದು ದೊಡ್ಡವಳು ಕಂಡಕಂಡವರಲ್ಲಿ ದೂರುತ್ತಿದ್ದಳು. (ಹಂಡೆ ಬೇಕೋ, ಬೀಜದ ಡಬ್ಬಿ ಬೇಕೋ ಎಂದು ಅಮ್ಮ ಮೊದಲು ಕೇಳಿದ್ದು ಇವಳನ್ನೇ. ಆಗ ಹಂಡೆಗೆ ತೂತಿರಲಿಲ್ಲ. ಇರಲಿ, ಅದು ಬೇರೆ ಮಾತು.) ಕೇಳಿದ್ದರೆ ತಂಗಿ ಒಂದು ಹಿಡಿ ಕೊಡುತ್ತಿದ್ದಳು. ಆದರೆ ಕೇಳಲು ಬಾಯಿ ತೆರೆಯಬೇಕು. ಹಲ್ಲು ಕಡಿಯುತ್ತಿದ್ದ ಬಾಯಿಗೆ ಅದಕ್ಕೆ ಪುರುಸೊತ್ತೆಲ್ಲಿ?

ಕುಂಬಳದ ತಳಿ ಕಾಯುವುದು ಸುಲಭವಲ್ಲ. ಹೆಣ್ಣು ಹೂವಿನ ಬಾಯಿಯನ್ನು ಅರಳುವ ಹಿಂದಿನ ಸಂಜೆಯೇ ಕಟ್ಟಬೇಕು. ಬೆಳಗ್ಗೆ ಬಿಚ್ಚಿ, ಅದೇ ತಳಿಯ ಗಂಡು ಹೂ ತಾಗಿಸಿ, ಮತ್ತೆ ಕಟ್ಟಬೇಕು. ಕಾಯಿ ಕಚ್ಚಿದ ಮೇಲೆ ಅದರ ತೊಟ್ಟಿಗೆ ಕೆಂಪು ದಾರ. ದಾರದ ಕಾಯಿ ಬೀಜಕ್ಕೆ, ಉಳಿದವು ಒಲೆಗೆ. ಉಳಿದ ಹೂಗಳಿಗೆ ಜೇನುಹುಳ ಯಾರ ಮನೆಯ ಪುಡಿ ಸವರಿತೋ ಯಾರು ಬಲ್ಲರು? ಗೋಡೆಯ ಈಚೆ ಅಕ್ಕನ ಸಪ್ಪೆ ಕುಂಬಳವೂ ಹಬ್ಬಿತ್ತಲ್ಲ! ಬೆರಕೆ ಕಾಯಲ್ಲಿ ಕಾಣುವುದಿಲ್ಲ. ಅದರ ಬೀಜ ಬಿತ್ತಿದಾಗ ಮಾನ ಹೋಗುತ್ತದೆ.

ತಂಗಿಯ ಬಳ್ಳಿಯಲ್ಲಿ ಆ ಸಲ ದಾರದ ಕಾಯಿ ಒಂದೇ. ಪಕ್ಕದಲ್ಲೇ ದಾರವಿಲ್ಲದ್ದು ಇನ್ನೊಂದು, ಅದೇ ಅಚ್ಚು. ದೊಡ್ಡವಳ ತಲೆಯಲ್ಲಿ ದೀಪ ಹೊತ್ತಿತು.

ತಂಗಿ ಹೋಟೆಲಿಗೆ ಸೊಪ್ಪು ಕೊಡಲು ಹೋದ ಹೊತ್ತು ನೋಡಿ, ಈಕೆ ಸ್ಟೂಲು ಹತ್ತಿ, ಸೆರಗು ಬಿಗಿದು, ಗೋಡೆ ಲಂಘಿಸಿದಳು. ಗಂಟನ್ನು ಹಲ್ಲಿನಿಂದ ಸಡಿಲಿಸಿ, ದಾರವನ್ನು ಬೆರಕೆ ಕಾಯಿಗೆ ಕಟ್ಟಿದಳು. ಅಮ್ಮ ಇಬ್ಬರಿಗೂ ಕಲಿಸಿದ್ದು ಒಂದೇ ಗಂಟು. ಗುರುತು ಸಿಗುವ ಮಾತೇ ಇಲ್ಲ. ‘ಮುಂದಿನ ವರ್ಷ ಸಪ್ಪೆ ಕುಂಬಳ ಹಿಡ್ಕೊಂಡು ಗಿರಾಕಿಗಳು ಅವಳ ಗೇಟಿಗೆ ಬರಲಿ, ಆಗ ಕೇಳ್ತೀನಿ ಕಿರ್ರೋ ಮರ್ರೋ ಅನ್ನೋದನ್ನ.’

ಕಾಯಿ ಬಲಿತವು. ತಂಗಿ ಅಕ್ಕ, ಭಾವ ಇಬ್ಬರನ್ನೂ ಊಟಕ್ಕೆ ಕರೆದಳು. ದಾರವಿಲ್ಲದ ಕಾಯಿ ಒಲೆ ಹತ್ತಿತ್ತು. ಅದರ ಬೀಜಗಳನ್ನು ಉಪ್ಪು ಹಾಕಿ ಹುರಿದು ಬಟ್ಟಲಲ್ಲಿಟ್ಟಿದ್ದಳು. ಅಸಲಿ ಬೀಜ! ಹುರಿದದ್ದು ಮೊಳೆಯುವುದಿಲ್ಲ ನಿಜ, ಆದರೆ ಕಳ್ಳ ಮನಸ್ಸಿಗೆ ಒಂದೇ ಒಂದು ಉಳಿದರೂ ಅಪಾಯವೆನಿಸಿ ದೊಡ್ಡವಳು ಬಟ್ಟಲನ್ನೇ ಮಡಿಲಿಗೆಳೆದುಕೊಂಡಳು. ಗಂಡ ಕೈ ಚಾಚಿದ.

“ಮುಟ್ಬೇಡಿ, ನಿಮ್ಮ ಹಲ್ಲು ಅಲ್ಲಾಡ್ತಿದೆ.”

“ಮಾತು ಕೇಳಿ ಕೇಳಿ ಅಲ್ಲಾಡಿದ್ದು ಕಣೇ.”

“ತಿನ್ಲಿ ಬಿಡಿ ಭಾವ, ಅಕ್ಕ ನಮ್ಮನೇದು ಏನನ್ನಾದ್ರೂ ಇಷ್ಟಪಟ್ಟು ತಿಂತಿರೋದು ಇದೇ ಮೊದಲು” ಎಂದಳು ತಂಗಿ.

ಕಟುಂ ಕುಟುಂ ಎಂದು ಸಾಕ್ಷ್ಯಾಧಾರಗಳೆಲ್ಲ ಉದರಸ್ಥವಾದವು. ಬಟ್ಟಲು ಬರಿದಾಯಿತು. ತಂಗಿ ಒಳಗೆ ಹೋಗಿ, ಕೆಂಪು ದಾರದ ಕುಂಬಳವನ್ನು ಮಗುವಿನಂತೆ ಎತ್ತಿ ತಂದು, ಅಕ್ಕನ ಮಡಿಲಲ್ಲಿಟ್ಟಳು.

“ಇದು ನಿನಗೆ ಅಕ್ಕಾ.”

“ನ... ನನಗಾ?”

“ಅಮ್ಮನ ತಳಿ ಒಬ್ಬಳ ಹಿತ್ತಲಲ್ಲೇ ಇದ್ರೆ ಹೇಗೆ? ಹೂ ಕಟ್ಟುವಾಗ್ಲೇ ನಿನ್ನ ಹೆಸರು ಹೇಳಿ ಕಟ್ಟಿದ್ದು. ನನಗೆ ಬಿತ್ತೋಕೆ ಡಬ್ಬೀಲಿ ನಾಲ್ಕು ಹಳೇ ಬೀಜ ಇದೆ, ಸಾಕು. ಗಿರಾಕಿಗಳಿಗೂ ಹೇಳ್ಬಿಟ್ಟಿದೀನಿ, ಇನ್ಮೇಲೆ ಕುಂಬಳದ ಬೀಜ ಅಕ್ಕನ ಮನೇಲಿ, ಸರಿ ತಪ್ಪು ಏನಿದ್ರೂ ಅಲ್ಲೇ ಕೇಳಿ ಅಂತ.”

ದೊಡ್ಡವಳು ಬಾಯಿ ತೆರೆದಳು. ಉಪ್ಪಿನ ತೇಗೊಂದು ಬಂತು.

ಮನೆ ಸೇರಿ ಕುಂಬಳವನ್ನು ನೆಲಕ್ಕಿಳಿಸಿದ್ದಳಷ್ಟೇ, ಇವಳ ಗೇಟು ಕಿರ್ರೆಂದಿತು. ಮತ್ತೆ ಕಿರ್ರೆಂದಿತು. “ಆ ಹಳೇ ಕುಂಬಳದ ಬೀಜ ಇಲ್ಲೇ ಸಿಗುತ್ತಂತಲ್ಲ, ನನಗೊಂದು ಪೊಟ್ಟಣ ತೆಗೆದಿಡಿ!” ಗಂಡ ಹೆಮ್ಮೆಯಿಂದ ಎದೆಯುಬ್ಬಿಸಿ, “ಬನ್ನಿ ಬನ್ನಿ, ನಮ್ಮ ಮಾಲಿಗೆ ನಾನೇ ಜವಾಬು!” ಎನ್ನುತ್ತಿದ್ದ.

ದೊಡ್ಡವಳು ಎರಡೂ ಕೈಯಿಂದ ಹೊಟ್ಟೆ ಹಿಡಿದು ಕುಳಿತಳು. ಇಷ್ಟು ವರ್ಷ ಅವಳು ಹೊಟ್ಟೆಕಿಚ್ಚುಪಡದ ಜೀವ ಆ ಬೀದಿಯಲ್ಲಿ ಉಳಿದಿರಲಿಲ್ಲ. ಈಗ ಅವಳಿಗೆ ತನ್ನ ಹೊಟ್ಟೆಯ ಮೇಲೇ ಹೊಟ್ಟೆಕಿಚ್ಚಾಯಿತು. ಅಮ್ಮನ ಬೀಜ ಕೊನೆಗೂ ದಕ್ಕಿದ್ದು ಅದೊಂದಕ್ಕೇ.