ಸಾಲಹಳ್ಳಿಯಲ್ಲಿ ಉಂಡ ನಮ್ಮ ಹಿರಿಯರು

ವಿಷ ಹಾಕುವುದು ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಲಿಗೆ ತಡವರಿಸುತ್ತದೆ. ರಾಮದುರ್ಗದ ನಮ್ಮ ಮನೆ ಪೌರೋಹಿತ್ಯದ ಮನೆ. ಗಣಪತಿಗೆ ಹೂವೇರಿಸುವಾಗ ಅವನ ಇಲಿಗೂ ಒಂದು ಹೂವು ಮರೆಯದೆ ಇಡುವವರು ನಾವು. ಅಂಥ ಮನೆಯ ಒಬ್ಬನೇ ಮಗನಾದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಬಿಳಿ ಇಲಿಗಳ ಮಿದುಳಿಗೆ ವಿಷ ಚುಚ್ಚುತ್ತ ಕೂತಿದ್ದೆ.

ಆ ವಿಷ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಯಾವುದೋ ಗಿಡದ ಬೀಜದ್ದು. ಅದಕ್ಕೆ ತಾನಾಗಿ ಜೀವಕೋಶದ ಒಳಗೆ ಹೋಗಲು ಬರುವುದಿಲ್ಲ. ಆದ್ದರಿಂದ ಒಂದೇ ಜಾತಿಯ ನರಕೋಶವನ್ನು ಗುರುತು ಹಿಡಿಯುವ ಇನ್ನೊಂದು ಅಣುವಿನ ಬೆನ್ನಿಗೆ ಅದನ್ನು ಕಟ್ಟಿ ಕಳಿಸುತ್ತಾರೆ. ಪರಿಚಯದವರು ಬಂದರೆಂದು ಆ ಕೋಶ ಬಾಗಿಲು ತೆರೆಯುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. ನೆರೆಮನೆಯ ಕೋಶಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಇಲಿ ಏನನ್ನು ಮರೆಯಿತು ಎಂದು ನೋಡಿದರೆ, ಸತ್ತ ಕೋಶ ಏನು ಕೆಲಸ ಮಾಡುತ್ತಿತ್ತು ಎಂಬುದು ತಿಳಿಯುತ್ತದೆ. ಹೆಂಡತಿ ತವರಿಗೆ ಹೋದ ಮೇಲೆಯೇ ಅವಳು ಏನೇನು ಮಾಡುತ್ತಿದ್ದಳೆಂದು ಗಂಡನಿಗೆ ತಿಳಿಯುವುದಿಲ್ಲವೇ, ಹಾಗೆ. ನೋಡುವ ಬಗೆಯೂ ಸರಳ. ಒಂದು ತೊಟ್ಟಿಯ ನೀರಿಗೆ ಹಾಲಿನ ಪುಡಿ ಕಲಸಿ, ಅದರಡಿ ಕಾಣದಂತೆ ಒಂದು ಮೆಟ್ಟಿಲು ಇಟ್ಟಿರುತ್ತೇವೆ. ನೆನಪಿರುವ ಇಲಿ ನೇರ ಅಲ್ಲಿಗೆ ಈಜಿ ಹತ್ತಿ ಕೂಡುತ್ತದೆ, ನೆನಪಿಲ್ಲದ್ದು ಸುತ್ತುತ್ತಲೇ ಇರುತ್ತದೆ.

ಇದನ್ನು ಕೇಳಿದ ಅವ್ವ ಮೂಗು ಮುರಿದಳು. “ಇಲ್ಲೆ ಚಹಾಕ್ಕ ಹಾಲು ಸಾಲವಲ್ದು, ಅಲ್ಲೆ ಇವ ಇಲಿಗೆ ಹಾಲಿನಾಗ ಜಳಕಾ ಮಾಡಸ್ತಾನ!” ಯರಗಟ್ಟಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಹುಸೇನಸಾಬರು ಒಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತು, “ನಮ್ಮ ಅಂಗಡ್ಯಾಗ ಇಲಿ ಭಾಳ ಆಗ್ಯಾವ್ರಿ, ನಿಮ್ಮ ಔಷಧ ಒಂದೀಟು ಕೊಡ್ರಿ” ಎಂದರು. ಅದರಿಂದ ಇಲಿ ಸಾಯುವುದಿಲ್ಲ, ದಾರಿ ಮರೆಯುತ್ತದೆ ಅಷ್ಟೇ ಎಂದೆ. “ಹಂಗಾರ ಬ್ಯಾಡ್ರಿ. ದಾರಿ ಮರತರ ನಮ್ಮ ಅಂಗಡ್ಯಾಗ ಉಳಿತಾವು!” ಎಂದು ಅವರು ಗಾಬರಿಯಾದರು.

ಅಪ್ಪ ಮಾತ್ರ ನಗಲಿಲ್ಲ. ಅಪ್ಪನ ಬಂಡವಾಳವೇ ನೆನಪು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹಿಡಿದು ಕರೆದು ಪಿಂಡ ಇಡಬೇಕಲ್ಲ, ಸುತ್ತಲಿನ ಹತ್ತು ಹಳ್ಳಿಯ ಯಜಮಾನರಿಗೆ ತಮ್ಮ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು. ಒಂದು ವಹಿಯಲ್ಲಿ ಬರೆದಿಡಬಾರದೇ ಎಂದರೆ, “ಬರದಿಡೋದು ಮರಿಯೋರ ಕೆಲಸ” ಎನ್ನುತ್ತಿದ್ದರು. ಅಂಥವರು ಆ ವರ್ಷ ಹಾಲು ತರಲು ಹೋಗಿ ಬರಿಗೈಯಲ್ಲಿ ಬಂದರು. ಅವ್ವನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಮುಪ್ಪಿನ ಮರೆವಿನ ಕಾಯಿಲೆಯಲ್ಲಿ ಯಾವ ಕೋಶಗಳು ತಾವಾಗಿ ಸಾಯುತ್ತವೆಯೋ, ನಾನು ಇಲಿಗಳಲ್ಲಿ ಕೊಲ್ಲುತ್ತಿದ್ದುದು ಅವನ್ನೇ. ಊರಿಗೆಲ್ಲ ಅದನ್ನು ವಿವರಿಸಬಲ್ಲ ನನಗೆ ಮನೆಯಲ್ಲಿ ಬಾಯಿ ಬರಲಿಲ್ಲ.

ಸಾಲಹಳ್ಳಿಯ ವೆಂಕಪ್ಪನವರ ತಂದೆಯ ಶ್ರಾದ್ಧಕ್ಕೆ ಅವ್ವ ನನ್ನನ್ನೂ ಅಪ್ಪನ ಜೊತೆ ಅಟ್ಟಿದಳು. ಎಲ್ಲ ಸರಾಗ ನಡೆದಿತ್ತು. ಪಿಂಡ ಇಡುವ ಹೊತ್ತಿಗೆ ಅಪ್ಪ ಗೋತ್ರ ಹೇಳಿ, ಹೆಸರಿನ ಮುಂದೆ ನಿಂತುಬಿಟ್ಟರು. ಕಣ್ಣು ಮುಚ್ಚಿದರು. ಆಮೇಲೆ ಗಟ್ಟಿಯಾಗಿ, “ಭೀಮಸೇನ” ಎಂದರು. ಅದು ನಮ್ಮ ಅಜ್ಜನ ಹೆಸರು. ಅಜ್ಜ ಹೋದ ವರ್ಷವೇ ಹುಟ್ಟಿದವನೆಂದು ನನಗೂ ಅದೇ ಹೆಸರಿಟ್ಟಿದ್ದರು. ವೆಂಕಪ್ಪನವರು ಒಂದು ಕ್ಷಣ ಅಪ್ಪನ ಮುಖ ನೋಡಿ, “ಭೀಮಸೇನ” ಎಂದು ಭಕ್ತಿಯಿಂದ ಪಿಂಡ ಇಟ್ಟರು. ಜೀವಂತವಾಗಿ ಪಕ್ಕದಲ್ಲಿ ಕೂತಿರುವಾಗಲೇ ನನ್ನ ಹೆಸರಿಗೆ ಪಿಂಡ ಬಿತ್ತು! ಮುಂದಿನ ಎರಡು ಹೆಸರೂ ನಮ್ಮ ಹಿರಿಯರವೇ ಇರಬೇಕು. ನಾಚಿಕೆಯಿಂದ ನನ್ನ ಕಿವಿ ಗುಂಯ್‌ಗುಡುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪೆಂದು ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಸುಮ್ಮನಿದ್ದರೆ ವೆಂಕಪ್ಪನವರ ತಂದೆ ಉಪವಾಸ. ನುಂಗಲಾರದೆ ಉಗುಳಲಾರದೆ ನಾನು ಸುಮ್ಮನೇ ಇದ್ದೆ.

ಮರಳುವ ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗಿದರು. “ಇವತ್ತ ಏನರೆ ತಪ್ಪಿತೇನೋ?” ಎಂದರು.

“ಇಲ್ಲಪ್ಪಾ, ಎಲ್ಲಾ ಸರಿ ಆತು.”

“ನಿನ್ನ ಇಲಿಗೆ, ತಾ ಮರತೀನಿ ಅನ್ನೋದು ತಿಳಿತದೇನು?”

ಅದನ್ನು ಅಳೆಯುವ ತೊಟ್ಟಿ ನಮ್ಮಲ್ಲಿರಲಿಲ್ಲ. ಗೊತ್ತಿಲ್ಲಪ್ಪಾ ಎಂದೆ. ಅವರು ನನ್ನ ಕೈಯನ್ನು ಹಿಡಿದುಕೊಂಡವರು ರಾಮದುರ್ಗ ಬರುವವರೆಗೂ ಬಿಡಲಿಲ್ಲ. ಮರುವಾರದಿಂದ ಮೊಣಕಾಲು ನೋವೆಂದು ಹೇಳಿ ಎಲ್ಲಿಗೂ ಪೌರೋಹಿತ್ಯಕ್ಕೆ ಹೋಗುವುದನ್ನು ನಿಲ್ಲಿಸಿದರು. ಅವರ ಮೊಣಕಾಲು ಗಟ್ಟಿಯಾಗಿಯೇ ಇತ್ತು.

ಮೂರು ವರ್ಷದ ಮೇಲೆ ಅಪ್ಪ ಹೋದರು. ಅಷ್ಟರಲ್ಲಿ ನನಗೆ ಡಾಕ್ಟರೇಟ್ ಬಂದಿತ್ತು. ಹತ್ತನೆಯ ದಿನ ಸವದತ್ತಿಯಿಂದ ಬಂದಿದ್ದ ಪುರೋಹಿತರು, “ನಾಡದ ಹನ್ನೆರಡನೇ ದಿನ ನಿಮ್ಮಪ್ಪನ ಪಿಂಡಾ ಹಿಂದಿನ ಮೂರು ತಲಿಯವರ ಪಿಂಡದ ಕೂಡ ಸೇರಸಬೇಕು. ಹೆಸರು ಹೇಳ್ರಿ” ಎಂದರು. ಅಜ್ಜ ಭೀಮಸೇನ. ಮುಂದೆ? ಅವ್ವನಿಗೆ ಗೊತ್ತಿಲ್ಲ, ಅಪ್ಪನ ತಂಗಿಗೂ ಗೊತ್ತಿಲ್ಲ. ಊರವರ ಮುತ್ತಜ್ಜಂದಿರನ್ನೆಲ್ಲ ತಲೆಯಲ್ಲಿ ಹೊತ್ತು ತಿರುಗಿದವರ ಮಗ ನಾನು, ಸ್ವಂತ ಮುತ್ತಜ್ಜನ ಹೆಸರು ಒಮ್ಮೆಯೂ ಕೇಳಿರಲಿಲ್ಲ. “ಗೊತ್ತಿಲ್ಲದಿದ್ರ ಅದಕ್ಕೂ ಶಾಸ್ತ್ರದಾಗ ದಾರಿ ಅದ ಬಿಡ್ರಿ” ಎಂದರು ಪುರೋಹಿತರು. ಅಪ್ಪನನ್ನು ಹೆಸರಿಲ್ಲದವರ ಜೊತೆ ಕಳಿಸಬೇಕಲ್ಲ ಎಂದು ನನಗೆ ಅಳು ಬಂತು. ಆ ಹತ್ತು ದಿನಗಳಲ್ಲಿ ನಾನು ಅತ್ತದ್ದು ಅದೇ ಮೊದಲು.

ಆಗ ಪಡಸಾಲೆಯಲ್ಲಿ ಮಾತಾಡಿಸಲು ಬಂದು ಕೂತಿದ್ದ ವೆಂಕಪ್ಪನವರು ಮೆಲ್ಲಗೆ ಕೆಮ್ಮಿದರು.

“ಭೀಮಸೇನ, ತಿರುಮಲ, ಜಯತೀರ್ಥ. ನಿಮ್ಮಪ್ಪನವರೇ ಹೇಳಿದ್ದು, ನಮ್ಮ ಮನ್ಯಾಗ.”

ನಾನು ಕಣ್ಣು ಒರೆಸಿಕೊಂಡು ನೋಡಿದೆ. “ಅವತ್ತ ಹೆಸರು ತಪ್ಪಿದ್ದು ನಿಮಗ ಗೊತ್ತಿತ್ತೇನ್ರಿ?”

“ನಮ್ಮಪ್ಪನ ಹೆಸರು ನನಗ ಗೊತ್ತಿರೂದಿಲ್ಲೇನ್ರಿ? ಆಚಾರ್ರು ಕಣ್ಣ ಮುಚ್ಚಿ ಕರದ್ರು, ನಾ ಬಡಿಸಿದೆ. ಆಮ್ಯಾಲೆ ಮನಸಿನ್ಯಾಗ ನಮ್ಮವರನ್ನೂ ಕರದೆ.”

“ಆದ್ರ ಇಷ್ಟ ವರ್ಷ ಹ್ಯಾಂಗ ನೆನಪಿಟ್ರಿ?”

“ಒಮ್ಮೆ ಕರದು ಉಣ್ಣಾಕ ಕುಂದರಿಸಿದವರನ್ನ ಮರುವರ್ಷ ಕರೀಲಿಲ್ಲಂದ್ರ ಹ್ಯಾಂಗ್ರಿ? ವರ್ಷಾ ನಮ್ಮವರದು ಆದ ಮ್ಯಾಲೆ ಅವರನ್ನೂ ಕರೀತೀನಿ.”

ಹೆಸರುಗಳನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ, ಹೇಳಿದರು. ಪುರೋಹಿತರ ಕಡೆ ತಿರುಗುವಷ್ಟರಲ್ಲಿ ನಾನು ಮೂರನೆಯದನ್ನು ಮರೆತಿದ್ದೆ. ವೆಂಕಪ್ಪನವರು ನನ್ನನ್ನು ಕರುಣೆಯಿಂದ ನೋಡಿ, ತಮ್ಮ ಜೇಬಿನಿಂದ ಪೆನ್ನು ತೆಗೆದುಕೊಟ್ಟು, “ಬರಕೋರಿ, ಡಾಕ್ಟರ್ರ” ಎಂದರು.