ಖಾಲಿ ಕುರ್ಚಿಯ ಕಂಪ್ಯೂಟರ್

ಕಚೇರಿಯ ಕಂಪ್ಯೂಟರನ್ನು ಹಳ್ಳಿಯ ಕಟ್ಟೆಯಿಂದಲೇ ನಡೆಸುವ ಟ್ಯಾಬ್ಲೆಟ್ ಕೈಗೆ ಬಂದಂದಿನಿಂದ ನನ್ನ ದಿನಗಳಲ್ಲಿ ನಗೆಗೆ ಬರವಿಲ್ಲ. ಕನ್ನಡ ಎಂ.ಎ. ಮುಗಿಸಿ, ಆಡಳಿತವನ್ನು ಜನರ ಬಾಗಿಲಿಗೆ ಒಯ್ಯಬೇಕೆಂಬ ಹಂಬಲದಿಂದ ಸೊರಬದಿಂದ ಶಿಕಾರಿಪುರದ ಕಡೆಗೆ ದಿನವೂ ಬಸ್ಸೇರುವ ಗುತ್ತಿಗೆ ನೌಕರ ನಾನು.

೧. ಉಳಿತಾಯ

ಉಡುತಡಿಯ ಕಡೆಯ ಹಳ್ಳಿಯೊಂದರ ಹುಡುಗಿಗೆ ಕಾಲೇಜು ಹಾಸ್ಟೆಲಿನ ಅರ್ಜಿ ಸಲ್ಲಿಸಬೇಕಿತ್ತು. ಉಳಿದಿದ್ದುದು ಮೂರೇ ದಿನ. ತಪ್ಪಿದರೆ ಕಾಲೇಜಿನ ಆಸೆಯನ್ನೇ ಬಿಡಬೇಕು. ಅವಳನ್ನೂ ಅವಳ ಅಜ್ಜನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಟ್ಯಾಬ್ಲೆಟ್ಟಿನಲ್ಲಿ ಹೆಸರು ತುಂಬುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಗಾಬರಿಯಿಂದ ಕಚೇರಿಗೆ ಫೋನ್ ಮಾಡಿದೆ. ಅಟೆಂಡರ್ ಹೆಮ್ಮೆಯಿಂದ ಉತ್ತರಿಸಿದರು:

"ಕುರ್ಚಿ ಖಾಲಿ ಐತಿ, ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಬರೀತಾ ಇತ್ತು. ಸುಮ್ನೆ ಕರೆಂಟು ದಂಡ ಅಂತ ಆರಿಸೀನ್ರಿ."

೨. ಲಿಖಿತ ಆದೇಶ

ಅಂದು ಸಂಜೆ, ಆ ಯಂತ್ರವನ್ನು ಇನ್ನು ಮುಂದೆ ಯಾರೂ ಮುಟ್ಟಬಾರದೆಂದು ಅಟೆಂಡರಿಗೆ ಬಿಡಿಸಿ ಹೇಳಿದೆ. ಆದರೆ ಒಮ್ಮೆ ಆರಿಸಿದ್ದರಿಂದ ಅದು ಹೊಸದಾಗಿ ಅನುಮತಿ ಕೇಳತೊಡಗಿತ್ತು. ಕಚೇರಿಯಲ್ಲಿ ಯಾರಾದರೂ ‘ಒಪ್ಪಿಗೆ’ ಎಂಬುದನ್ನು ಒತ್ತದ ಹೊರತು ನನ್ನ ಟ್ಯಾಬ್ಲೆಟ್ಟಿಗೆ ಪ್ರವೇಶವಿಲ್ಲ. ಮರುದಿನ ಹಳ್ಳಿಯಿಂದ ಫೋನಿನಲ್ಲಿ ಬೇಡಿಕೊಂಡೆ. ಅಟೆಂಡರ್ ತಾವೂ ಒತ್ತಲಿಲ್ಲ, ಒತ್ತಲು ಬಂದವರನ್ನೂ ಬಿಡಲಿಲ್ಲ.

"ಮುಟ್ಟಬ್ಯಾಡ ಅಂದೋರು ನೀವೇ, ಮುಟ್ಟು ಅನ್ನೋರೂ ನೀವೇ. ಯಾವುದಕ್ಕೂ ಬರವಣಿಗೆಯಲ್ಲಿ ಕೊಡ್ರಿ."

೩. ಗೆಲುವು

ಬರೆದುಕೊಟ್ಟೆ. ಎಂ.ಎ. ಪರೀಕ್ಷೆಯಲ್ಲಿಯೂ ಅಷ್ಟು ಎಚ್ಚರದಿಂದ ಬರೆದಿರಲಿಲ್ಲ. ಅಟೆಂಡರ್ ಎರಡು ಸಲ ಓದಿ ‘ಒಪ್ಪಿಗೆ’ ಒತ್ತಿದರು. ಕಡೆಯ ದಿನ, ಐದು ಗಂಟೆಗೆ ಅರ್ಜಿಯ ಗಡುವು. ನಾಲ್ಕಕ್ಕೆ ಟ್ಯಾಬ್ಲೆಟ್ ತೆರೆದರೆ ಪರದೆಯ ತುಂಬ ಇಸ್ಪೀಟು ಎಲೆಗಳು! ಸದಾ ಉರಿಯುವ ಕಂಪ್ಯೂಟರಿನ ಮುಂದೆ ನಮ್ಮ ಹಿರಿಯ ಗುಮಾಸ್ತರು ಒಬ್ಬರೇ ಆಡುವ ಇಸ್ಪೀಟಿನ ಆಟಕ್ಕೆ ಕುಳಿತಿದ್ದರು. ನಾನು ಇಲ್ಲಿಂದ ಆಟವನ್ನು ಮುಚ್ಚಿದೆ. ಅವರು ಅಲ್ಲಿಂದ ತೆರೆದರು. ಮುಚ್ಚಿದೆ, ತೆರೆದರು. ಫೋನ್ ಎತ್ತಲಿಲ್ಲ. ಅಟೆಂಡರ್ ಟಪಾಲು ಹಂಚಲು ಹೋಗಿದ್ದರು. ಹುಡುಗಿ ಗಡಿಯಾರವನ್ನೇ ನೋಡುತ್ತಿದ್ದಳು. ಸುತ್ತ ನೆರೆದಿದ್ದ ಊರಿನವರು ಎಲೆಗಳನ್ನು ನೋಡುತ್ತಿದ್ದರು.

ಅಜ್ಜ ಕನ್ನಡಕ ಸರಿಪಡಿಸಿಕೊಂಡರು. "ಈ ಪುಣ್ಯಾತ್ಮನ್ನ ಕಾಡಿ ಎಬ್ಬಿಸೋಕಾಗಲ್ಲ. ಗೆಲ್ಲಿಸಿ ಎಬ್ಬಿಸೋಣ, ತಡೀರಿ."

ಅವರ ಬೆರಳು ಪರದೆಯ ಮೇಲೆ ಹರಿಯಿತು. ಕೆಂಪು ಒಂಬತ್ತು ಕಪ್ಪು ಹತ್ತರ ಮೇಲೆ ಹೋಗಿ ಕುಳಿತಿತು. ಗುಮಾಸ್ತರು ಅತ್ತಲಿಂದ ಆಡಿಸುತ್ತಿದ್ದ ಬಾಣದ ಗುರುತು ಒಂದು ಕ್ಷಣ ಬೆಚ್ಚಿ ನಿಂತು, ಆಮೇಲೆ ವಿನಯದಿಂದ ಪಕ್ಕಕ್ಕೆ ಸರಿಯಿತು. ಊರಿಗೆ ಊರೇ ಸಲಹೆ ಕೊಟ್ಟಿತು. ನಾಲ್ಕೂವರೆಗೆ ಗುಮಾಸ್ತರು ಗೆದ್ದರು. ಗೆದ್ದ ಸಂತೋಷಕ್ಕೆ ಚಹಾ ಕುಡಿಯಲು ಎದ್ದಿರಬೇಕು, ಪರದೆ ನಮ್ಮದಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಸೇರಿತು.

ಹುಡುಗಿಗೆ ಹಾಸ್ಟೆಲ್ ಸಿಕ್ಕಿದ ಸುದ್ದಿ ಬಂದ ದಿನ, ಮನಸ್ಸು ತಡೆಯದೆ ಅಂದಿನ ಆಟವನ್ನು ಅಜ್ಜನೂ ಊರೂ ಸೇರಿ ಗೆಲ್ಲಿಸಿದ್ದನ್ನು ಗುಮಾಸ್ತರ ಮುಂದೆ ಒಪ್ಪಿಕೊಂಡು, ಬೈಗುಳಕ್ಕೆ ತಲೆತಗ್ಗಿಸಿ ನಿಂತೆ. ಅವರು ಅತ್ತಿತ್ತ ನೋಡಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಆ ಊರಿಗೆ ಮತ್ತೆ ಯಾವಾಗ ಹೋಗ್ತೀರಿ? ಎರಡು ದಿನದಿಂದ ಒಂದು ಆಟ ಅರ್ಧಕ್ಕೇ ನಿಂತೈತಿ."