ಮೆಲ್ಕಾರ್ ಲಾಯದ ಕುದುರೆಗೆ ಕೇಳಿಸುವಂತೆ ‘ಊಟ ಆಯ್ತಾ’ ಎನ್ನದಿರುವ ಬಗ್ಗೆ

ಸಂಖ್ಯೆ: ಲಾಯ/ಮೇವು/ಬಾಗಿಲು/03 (ಪರಿಷ್ಕೃತ)
ಲಾಯ ಶಾಖೆ, ಮೆಲ್ಕಾರ್
(ವ್ಯಾಪ್ತಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ)

ವಿಷಯ: ಲಾಯದಲ್ಲಿ ಕಟ್ಟಿರುವ ಕುದುರೆಗೆ ಮೇವು ನೀಡುವ ಕ್ರಮ, ಅದರ ಮನಸ್ಸಿನ ನೆಮ್ಮದಿ ಹಾಗೂ ಬಾಗಿಲಿನ ರಕ್ಷಣೆ ಕುರಿತು.

ಉಲ್ಲೇಖ: 1. ಕೇಂದ್ರ ಕಚೇರಿಯ ಪತ್ರ (ಖಾರವಾದದ್ದು).
2. ಮಡಂತ್ಯಾರಿನ ಪಶುವೈದ್ಯೆ ಡಾ. ಮುರ್ಶಿದಾ ಅವರು ಸ್ಕೂಟರಿನಿಂದ ಇಳಿಯದೆ ನೀಡಿದ ಮೌಖಿಕ ಸಲಹೆ.
3. ಲಾಯದ ಬಾಗಿಲು (ಉಳಿದಿರುವಷ್ಟು).

ಕುದುರೆಯ ಹೊಟ್ಟೆಯ ವಿಚಾರದಲ್ಲಿ ಮನುಷ್ಯರ ಬಾಯಿಗೆ ನಿಯಮ ಹಾಕಬೇಕಾಗಿ ಬಂದಿರುವುದಕ್ಕೆ ಮೊದಲಾಗಿ ಕ್ಷಮೆ ಕೋರಲಾಗಿದೆ. ಈ ಸುತ್ತೋಲೆಗೆ ಸಹಿ ಮಾಡಿರುವ ಪ್ರಭಾರ ಅಧೀಕ್ಷಕಿ ಪ್ರೇಮಾವತಿ ಅವರು ಕುದುರೆಯ ವಿಷಯದಲ್ಲಿ ತಜ್ಞರಲ್ಲ. ಬೇರೆ ಯಾರಾದರೂ ಬರೆಯಬಹುದೇ ಎಂದು ಅವರು ವಿಚಾರಿಸಿದ್ದು, ಎಲ್ಲರಿಗೂ ಆ ಹೊತ್ತಿಗೆ ತುರ್ತು ಕೆಲಸವಿದ್ದುದು ಕಂಡುಬಂದಿದೆ.

ಮೂರೂ ತಾಲೂಕುಗಳ ಸಮಾರಂಭಗಳಲ್ಲಿ ಅತಿಥಿಗಳನ್ನು ಸ್ವಾಗತಿಸಲು ಇಲಾಖೆಯು ಬಾದಾಮ್ ಎಂಬ ಒಂದು ಕುದುರೆಯನ್ನು ಹೊಂದಿರುತ್ತದೆ. ಸದರಿ ಕುದುರೆಯು ಬಿಡುವಿನ ವೇಳೆಯಲ್ಲಿ ಬಾಗಿಲನ್ನು ಕಚ್ಚುವುದು, ಕಚ್ಚಿಕೊಂಡೇ ಗುಳಕ್ ಎಂದು ಗಾಳಿ ನುಂಗುವುದು ಹಾಗೂ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುವುದನ್ನು ರೂಢಿಸಿಕೊಂಡಿರುತ್ತದೆ. ಎರಡು ಬಾಗಿಲುಗಳು ಈಗಾಗಲೇ ಮುಗಿದಿವೆ. ಮೂರನೆಯದು ಹಲಸಿನ ಮರದ್ದಾದ್ದರಿಂದ ತಡವಾಗುತ್ತಿದೆ. ತಪಾಸಣೆಯ ದಿನವೂ ಬಾಗಿಲು ಕಚ್ಚಿದಲ್ಲಿ ಕುದುರೆಯನ್ನು ಹೊರಜಿಲ್ಲೆಗೆ ಸಾಗಿಸಲಾಗುವುದು ಎಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿತ್ತು. ಇದನ್ನು ಓದಿ ಹೇಳಿದಾಗ ಲಾಯದ ನೌಕರ ತುಕ್ರಪ್ಪ ಅವರು, “ಬಾದಾಮ್ ಹೋದ್ರೆ ನಾನು ಯಾರ ಹತ್ರ ಮಾತಾಡುದು ಮೇಡಂ?” ಎಂದು ಕೇಳಿರುತ್ತಾರೆ. ಆದ್ದರಿಂದ ಕೆಳಗಿನ ಕ್ರಮಗಳನ್ನು ಜಾರಿಗೆ ತರಲಾಗಿದೆ.

1. ಈವರೆಗೆ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ನೆನೆಸಿದ ಹುರುಳಿ ನೀಡಲಾಗುತ್ತಿದ್ದು, ನಡುವಿನ ಅವಧಿಯನ್ನು ಕುದುರೆಯ ವಿವೇಚನೆಗೆ ಬಿಡಲಾಗಿತ್ತು. ಈ ಬಗ್ಗೆ ಡಾ. ಮುರ್ಶಿದಾ ಅವರು, “ಅದರ ಹೊಟ್ಟೆ ನಮ್ಮ ಹಾಗೆ ಎರಡು ಹೊತ್ತಿನದ್ದಲ್ಲ ಮಾರಾಯ್ರೆ. ಇಡೀ ದಿನ ಸ್ವಲ್ಪ ಸ್ವಲ್ಪ ಮೇಯುವ ಪ್ರಾಣಿ ಅದು. ಬಾಯಿ ಖಾಲಿ ಇಟ್ರೆ ಬಾಗಿಲು ತಿನ್ನದೆ ಮತ್ತೆಂತ ಮಾಡುದು?” ಎಂದು ಅಭಿಪ್ರಾಯಪಟ್ಟಿರುತ್ತಾರೆ. ಇನ್ನು ಮುಂದೆ ಹುರುಳಿಯನ್ನು ಕಡಿಮೆ ಮಾಡಿ, ಒಣಹುಲ್ಲು ಸದಾ ಇರುವಂತೆ ನೋಡಿಕೊಳ್ಳತಕ್ಕದ್ದು.

2. ಹುಲ್ಲನ್ನು ಒಮ್ಮೆಲೇ ಕಬಳಿಸದಂತೆ ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ಕಾಲು ಸಿಕ್ಕದ ಎತ್ತರದಲ್ಲಿ ತೂಗುಹಾಕತಕ್ಕದ್ದು. ಪಾಣೆಮಂಗಳೂರಿನಿಂದ ತರಿಸಿದ ಹಳೆಯ ಮೀನುಬಲೆಯನ್ನು ಕುದುರೆಯು ಮೂಸಿ ನೋಡಿ ತಿರಸ್ಕರಿಸಿರುವುದರಿಂದ, ನೌಕರರ ವಾಲಿಬಾಲ್ ಬಲೆಯನ್ನು ಮಡಚಿ ಬಳಸಲು ಮಂಜೂರಾತಿ ನೀಡಲಾಗಿದೆ. ಆಟಗಾರರು ಹಗ್ಗ ಕಟ್ಟಿ ಆಡಬಹುದು. ಚೆಂಡು ಹಗ್ಗದ ಮೇಲೆ ಹೋಯಿತೋ ಅಡಿಯಲ್ಲೋ ಎಂಬ ಜಗಳವನ್ನು ಲಾಯದಿಂದ ದೂರ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.

3. ಬಾಗಿಲಿಗೆ ಮೆಣಸಿನ ಪುಡಿ ಹಚ್ಚುವುದನ್ನು ನಿಷೇಧಿಸಲಾಗಿದೆ. ಕಳೆದ ಬಾರಿ ಹಚ್ಚಿದ್ದನ್ನು ಕುದುರೆಯು ರುಚಿಯಿಂದ ಸೇವಿಸಿದ್ದು, ಕಣ್ಣುಜ್ಜಿಕೊಂಡ ತುಕ್ರಪ್ಪ ಅವರಿಗೆ ಮಾತ್ರ ಅರ್ಧ ದಿನದ ರಜೆ ಬೇಕಾಯಿತು. ಬಾಯಿ ಕಟ್ಟಿದರೆ ಚಿಂತೆ ಕಟ್ಟಿದಂತಾಗುವುದಿಲ್ಲ ಎಂದು ವೈದ್ಯರು ತಿಳಿಸಿರುವುದನ್ನೂ ಗಮನಿಸುವುದು.

4. ಮುಖ್ಯವಾದದ್ದು. ಮೈಸೂರು ಕಡೆಯಿಂದ ಬಂದ ಕುದುರೆಗೆ ತುಳು ಬರಲಿಕ್ಕಿಲ್ಲವೆಂದು ಭಾವಿಸಿ ತುಕ್ರಪ್ಪ ಅವರು ಅದರೊಂದಿಗೆ ಕನ್ನಡದಲ್ಲೇ ವ್ಯವಹರಿಸುತ್ತಿದ್ದು, ಪ್ರತಿ ಬಕೆಟ್ ಇಡುವಾಗಲೂ “ಊಟ ಆಯ್ತಾ ಮಗಾ?” ಎಂದು ಕೇಳುತ್ತಿದ್ದರು. ಹೀಗಾಗಿ ಈ ಮಾತಿನ ಹಿಂದೆ ಬಕೆಟ್ ಬರುತ್ತದೆ ಎಂದು ಕುದುರೆಯು ಕಲಿತಿದೆ. ಆದರೆ ಕಚೇರಿಗೆ ಹೋಗುವ ದಾರಿ ಲಾಯದ ಪಕ್ಕದಲ್ಲೇ ಇದ್ದು, ನೌಕರರೂ ಸಾರ್ವಜನಿಕರೂ ದಿನವಿಡೀ ಪರಸ್ಪರ ಇದನ್ನೇ ಕೇಳಿಕೊಳ್ಳುತ್ತಾರೆ. ಪ್ರತಿ ಬಾರಿಯೂ ಕುದುರೆಯು ಕಿವಿ ನಿಮಿರಿಸಿ ಕಾದು, ಏನೂ ಬಾರದೆ, ಬಾಗಿಲಿನತ್ತ ತಿರುಗುತ್ತದೆ. ಊಟ ಆಯಿತೇ ಎಂದು ಕೇಳುವವರಿಗೆ ಊಟ ಕೊಡುವ ಉದ್ದೇಶವಿರುವುದಿಲ್ಲ ಎಂಬುದು ಈ ಭಾಗದ ಮನುಷ್ಯರಿಗೆ ತಿಳಿದೇ ಇದೆ. ಕುದುರೆಗೆ ಈ ಬಗ್ಗೆ ತಿಳುವಳಿಕೆ ನೀಡಲಾಗಿರುವುದಿಲ್ಲ. ಆದಕಾರಣ ಲಾಯದ ಆವರಣದಲ್ಲಿ ಸದರಿ ಪ್ರಶ್ನೆಯನ್ನು ಕೇಳತಕ್ಕದ್ದಲ್ಲ ಎಂದು ಈ ಮೂಲಕ ಸೂಚಿಸಲಾಗಿದೆ.

5. ಕಲಂ 4 ಕನ್ನಡಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ವಾದಿಸಿ ಕೆಲವರು ಅದನ್ನೇ ತುಳುವಿನಲ್ಲಿ “ವನಸ್ ಆಂಡಾ?”, “ಚಾ ಆಂಡಾ?” ಎಂದು ಕೇಳಲಾರಂಭಿಸಿದ್ದು ಗಮನಕ್ಕೆ ಬಂದಿದೆ. ಕುದುರೆಯು ಒಂದೇ ವಾರದಲ್ಲಿ ತುಳುವನ್ನೂ ಕಲಿತಿರುತ್ತದೆ. ಬ್ಯಾರಿ, ಕೊಂಕಣಿ ಭಾಷೆಗಳಲ್ಲಿ ಪ್ರಯತ್ನಿಸಿ ನೋಡುವ ಅಗತ್ಯವಿಲ್ಲ. ಬದಲಿಗೆ “ಹೇಗುಂಟು?” ಎಂದು ಕೇಳಬಹುದು. ಆದರೆ ಉತ್ತರದಲ್ಲಿ ಬಂಗುಡೆ ಸಾರು, ನೀರುದೋಸೆ ಮುಂತಾದ ವಿವರಗಳು ಬರಬಾರದು.

6. ಲಾಯದ ಹಿಂಬದಿ ಗೋಡೆಗೆ ತಾಗಿದ ಮನೆಯ ಬೀಯಮ್ಮ ಅವರು ಈ ನಿಯಮದ ಬಗ್ಗೆ, “ನಮ್ಮ ಮನೆಯಲ್ಲಿ ನಾನು ಊಟಕ್ಕೆ ಕರೀಲಿಕ್ಕೆ ನಿಮ್ಮ ಕುದುರೆಯನ್ನು ಕೇಳ್ಬೇಕಾ ಪ್ರೇಮಕ್ಕ?” ಎಂದು ಆಕ್ಷೇಪಣೆ ಸಲ್ಲಿಸಿದ್ದು, ಅದು ನ್ಯಾಯವೆಂದು ಪರಿಗಣಿಸಲಾಗಿದೆ. ಆದರೂ ಅವರು ಮನೆಯವರಿಗೆ ಮಿಸ್ ಕಾಲ್ ಕೊಡಲು ಸ್ವಇಚ್ಛೆಯಿಂದ ಒಪ್ಪಿರುತ್ತಾರೆ.

7. ಒಂಟಿತನವೂ ಬಾಗಿಲಿಗೆ ಹಾನಿಕರವಾದ್ದರಿಂದ ಜೊತೆ ನಿಲ್ಲಲು ನೌಕರರನ್ನು ಸರದಿಯಂತೆ ನಿಯೋಜಿಸಲಾಗಿತ್ತು. ನೌಕರರು ಮೊಬೈಲ್ ನೋಡುತ್ತಿದ್ದು ಕುದುರೆಗೆ ಮುಖ ಕೊಡದ ಕಾರಣ, ಬೀಯಮ್ಮ ಅವರ ಆಡನ್ನು ಆ ಕರ್ತವ್ಯಕ್ಕೆ ಎರವಲು ಪಡೆಯಲಾಗಿದೆ. ಆಡಿನ ಕಾರ್ಯವೈಖರಿ ತೃಪ್ತಿಕರವಾಗಿದೆ. ಅದು ಬಲೆಯ ಅಡಿಯಿಂದ ಹುಲ್ಲು ಎಳೆಯುವುದನ್ನು ಭತ್ಯೆಯೆಂದು ಭಾವಿಸತಕ್ಕದ್ದು.

8. ತಪಾಸಣೆಯ ವರದಿ: ಶಿರ್ತಾಡಿ ಮೂಲದ ತಪಾಸಣಾಧಿಕಾರಿಯವರು ನಿನ್ನೆ ಆಗಮಿಸಿ, ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ಕುಳಿತರು. ಕುದುರೆಯು ಬಲೆಯಿಂದ ಹುಲ್ಲು ಎಳೆಯುತ್ತಿತ್ತು. ಕೊನೆಗೆ ಹೊರಡಲು ಎದ್ದ ಅಧಿಕಾರಿಯವರು, ಸ್ವಭಾವತಃ ಸಜ್ಜನರಾದ್ದರಿಂದ, ತುಕ್ರಪ್ಪ ಅವರ ಭುಜ ತಟ್ಟಿ, “ಮತ್ತೆ, ಊಟ ಆಯ್ತಾ?” ಎಂದು ಕೇಳಿದರು.

ತುಕ್ರಪ್ಪ ಅವರು ಕಣ್ಣು ಮುಚ್ಚಿಕೊಂಡರು. ಅಧೀಕ್ಷಕಿಯವರು ಕಡತವನ್ನು ಎದೆಗೊತ್ತಿಕೊಂಡರು. ಕುದುರೆಯು ಕಿವಿ ನಿಮಿರಿಸಿ, ಅಧಿಕಾರಿಯವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಬಲೆಯಿಂದ ಇನ್ನೊಂದು ಎಳೆ ಹುಲ್ಲು ತೆಗೆದುಕೊಂಡಿತು. “ಇದು ಪಾಪದ, ಸಾಧು ಕುದುರೆ ಅಲ್ವಾ! ಇಲ್ಲೇ ಇರ್ಲಿ” ಎಂದು ಅಧಿಕಾರಿಯವರು ಮೌಖಿಕವಾಗಿ ಆದೇಶಿಸಿ ನಿರ್ಗಮಿಸಿದರು. ತುಕ್ರಪ್ಪ ಅವರು ಕುದುರೆಯ ಕುತ್ತಿಗೆಗೆ ಮುಖವೊತ್ತಿ ನಿಂತಿದ್ದ ಅವಧಿಯನ್ನು ಕರ್ತವ್ಯದ ಅವಧಿ ಎಂದೇ ಪರಿಗಣಿಸಲಾಗಿದೆ.

9. ಕುದುರೆಯು ಸುಧಾರಿಸಿದ್ದು ಹುಲ್ಲಿನಿಂದಲೋ, ಬಲೆಯಿಂದಲೋ, ಆಡಿನಿಂದಲೋ, ಅಥವಾ ಜನ ಸುಮ್ಮನೆ ಮಾತಿಗೆ ಕೇಳುತ್ತಾರೆ ಎಂಬುದು ಅದಕ್ಕೂ ಅರ್ಥವಾಗಿಬಿಟ್ಟಿತೋ ಗೊತ್ತಿಲ್ಲ. ವೈದ್ಯರಿಗೂ ಗೊತ್ತಿಲ್ಲ. ಗೊತ್ತಾಗುವವರೆಗೆ ಯಾವ ಕಲಮನ್ನೂ ಕೈಬಿಡಲು ಅಧೀಕ್ಷಕಿಯವರಿಗೆ ಧೈರ್ಯವಿಲ್ಲ.

ಸಹಿ/-
(ಪ್ರೇಮಾವತಿ)
ಪ್ರಭಾರ ಅಧೀಕ್ಷಕಿ, ಲಾಯ ಶಾಖೆ

ಪ್ರತಿಗಳು:
1. ಕೇಂದ್ರ ಕಚೇರಿಗೆ, ನಾಲ್ಕನೆಯ ಬಾಗಿಲು ಸದ್ಯಕ್ಕೆ ಬೇಡವೆಂಬ ಕೋರಿಕೆಯೊಂದಿಗೆ.
2. ಡಾ. ಮುರ್ಶಿದಾ ಅವರಿಗೆ, ಸ್ಕೂಟರ್ ನಿಲ್ಲಿಸಿದಲ್ಲಿ ಮಾತ್ರ.
3. ವಾಲಿಬಾಲ್ ತಂಡಕ್ಕೆ, ವಿಷಾದದೊಂದಿಗೆ.
4. ಬೀಯಮ್ಮ ಅವರಿಗೆ, ಗೋಡೆಯ ಮೇಲಿನಿಂದ.
5. ಲಾಯದ ಸೂಚನಾ ಫಲಕಕ್ಕೆ, ಎತ್ತರದಲ್ಲಿ ಅಂಟಿಸಲು (ಹಿಂದಿನ ಪ್ರತಿಯನ್ನು ಕುದುರೆಯು ಸ್ವೀಕರಿಸಿದ್ದು, ಸ್ವೀಕೃತಿ ಬಂದಿರುವುದಿಲ್ಲ).
6. ಕಚೇರಿ ಪ್ರತಿ. ಆಡಿನಿಂದ ದೂರವಿಡುವುದು.